ಜನತಾ ವಾಚಿಗೆ ಎಷ್ಟು ದುಡ್ಡಿನ ಲೆನ್ಸು ಬೇಕು?

ನಮ್ಮ ಬೆಳಕವಾಡಿ ಕಡೆ ಒಂದು ಕಾಲದಲ್ಲಿ ಮದುವೆ ಮಾತುಕತೆ ಅಂದರೆ ಗಂಡಿಗೆ ವಾಚು, ಉಂಗುರ, ಬಟ್ಟೆ ಅಂತ ಒಂದೇ ಉಸಿರಿಗೆ ಹೇಳೋರು. ವಾಚು ಅಂದಮೇಲೆ ಯಾವ ಕಂಪನಿ ಅಂತ ಯಾರೂ ಕೇಳ್ತಿರಲಿಲ್ಲ. ಎಚ್‌ಎಂಟಿನೇ. ಆ ವಾಚುಗಳು ಈಗ ಟ್ರಂಕಿನ ತಳದಲ್ಲಿ, ಹಳೇ ಪಹಣಿ ಪತ್ರಗಳ ಜೊತೆ ಮಲಗಿವೆ. ಇತ್ತೀಚೆಗೆ ಹಿತ್ತಾಳೆ ಪಾತ್ರೆ ಕೊಳ್ಳೋರು ಬರೋ ಹಾಗೆ ಹಳೇ ವಾಚು ಕೊಳ್ಳೋರೂ ಊರಿಗೆ ಬರ್ತಾರೆ. ಕೈಗೆ ನೂರಿನ್ನೂರು ಇಟ್ಟು ಒಯ್ತಾರೆ. ಆಮೇಲೆ ಒಂದರ ಡಯಲ್ಲು ಇನ್ನೊಂದಕ್ಕೆ, ಇನ್ನೊಂದರ ಮುಳ್ಳು ಮತ್ತೊಂದಕ್ಕೆ ಸೇರಿ, ಮೂರು ವಾಚು ಒಂದಾಗಿ ಎಲ್ಲೋ ಮಾರಾಟವಾಗುತ್ತೆ.

ಮಾರಬೇಡಿ ಅಂತ ಹೇಳೋಕೆ ನಾನ್ಯಾರು? ಆದರೆ ಹೋಗೋ ಮೊದಲು ಒಂದು ಸರಿಯಾದ ಫೋಟೋ ತೆಗೆದಿಟ್ಟುಕೊಳ್ಳಬಹುದಲ್ಲ. ಅದಕ್ಕೆ ಲಕ್ಷ ರೂಪಾಯಿ ಸಾಮಾನು ಬೇಕು ಅನ್ನೋ ನಂಬಿಕೆಯೊಂದಿದೆ. ಬೇಕಾಗಿಲ್ಲ. ಯಾಕೆ ಅಂತ ಹೇಳಬೇಕಾದರೆ ಎರಡು ಚರಿತ್ರೆ ಹೇಳಬೇಕು: ಒಂದು ವಾಚಿನದು, ಇನ್ನೊಂದು ಲೆನ್ಸಿನದು.

ವಾಚಿನದು ನಮಗೆ ಗೊತ್ತಿರೋದೇ. ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಶುರುವಾಗಿದ್ದು 1953ರಲ್ಲಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ. ಯಂತ್ರ ಮಾಡೋ ಯಂತ್ರಗಳನ್ನು ತಯಾರಿಸೋ ಕಾರ್ಖಾನೆ ಅದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಅಲ್ಲೇ ವಾಚಿನ ಕಾರ್ಖಾನೆ ತೆರೆದರು. ಮೊದಲ ತಂಡದ ವಾಚುಗಳನ್ನು ಬಿಡುಗಡೆ ಮಾಡಿದ್ದು ನೆಹರೂ. ಜನತಾ, ಪೈಲಟ್, ಜವಾನ್, ಕಾಂಚನ, ಕೊಹಿನೂರ್ ಅಂತ ಹೆಸರುಗಳು ಬಂದವು. ತುಮಕೂರಿನಲ್ಲೂ ಕಾರ್ಖಾನೆ ಆಯಿತು. ಜನತಾ ಅಂದರೆ 17 ಜ್ಯುವೆಲ್‌ನ, ದಿನಾ ಕೀ ಕೊಡಬೇಕಾದ, ಸುಮಾರು 35 ಮಿಲಿಮೀಟರ್ ಅಗಲದ ಸಾದಾ ವಾಚು. 1980ರ ದಶಕದ ಕೊನೆಗೆ ಹೊಸೂರಿನಿಂದ ಟೈಟಾನ್‌ನ ಕ್ವಾರ್ಟ್ಜ್ ವಾಚು ಬಂದಮೇಲೆ ಕೀ ಕೊಡೋ ಕಾಲ ಮುಗೀತಾ ಬಂತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋದಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಈಗ ಜಾಲಹಳ್ಳಿಯಲ್ಲಿ ಮ್ಯೂಸಿಯಂ ಇದೆ, ನೋಡುವಂಥದ್ದೇ. ಆದರೆ ಅಲ್ಲಿರೋದು ಕಾರ್ಖಾನೆಯಿಂದ ಹೊರಟ ವಾಚಿನ ಕಥೆ. ಊರಿಗೆ ಬಂದಮೇಲೆ ಅದು ಹೆಂಗೆ ಬದುಕ್ತು ಅನ್ನೋದು ಟ್ರಂಕಿನಲ್ಲಿದೆ.

ಇನ್ನು ಲೆನ್ಸು. ಹತ್ತಿರದಿಂದ ತೆಗೆಯೋ ಲೆನ್ಸು ಅಂದರೆ ಹೂವು, ಜೇಡ, ಇಬ್ಬನಿ ನೆನಪಾಗುತ್ತೆ. ಆದರೆ ನಿಕಾನ್ ಕಂಪನಿ 1956ರಲ್ಲಿ ತಂದ ಮೊದಲ ಮೈಕ್ರೋ ನಿಕ್ಕಾರ್ ಲೆನ್ಸಿನ ಹಿಂದಿದ್ದ ಅಗತ್ಯ ಬೇರೆ. ಜಪಾನಿನ ಕಾಗದಪತ್ರಗಳನ್ನು ಮೈಕ್ರೋಫಿಲ್ಮ್ ಮಾಡಬೇಕಿತ್ತು. ಕಾಂಜಿ ಲಿಪಿಯ ಗೆರೆಗಳು ನಮ್ಮ ಒತ್ತಕ್ಷರಗಳಿಗಿಂತ ದಟ್ಟ. ಸಾದಾ ಲೆನ್ಸಿನಲ್ಲಿ ಒಂದಕ್ಕೊಂದು ಮೆತ್ತಿಕೊಂಡು ಓದೋಕೆ ಆಗ್ತಿರಲಿಲ್ಲ. ಅಂದರೆ ಈ ಲೆನ್ಸು ಹುಟ್ಟಿದ್ದು ಚಂದಕ್ಕಲ್ಲ, ದಾಖಲೆಗೆ. ಅದರ 55 ಎಂಎಂ ರೂಪ ಬಂದಿದ್ದು 1961ರಲ್ಲಿ, ಜಾಲಹಳ್ಳಿಯಲ್ಲಿ ವಾಚು ಶುರುವಾದ ವರ್ಷವೇ. ಅದೇ ವಂಶದ, ಕೈಯಲ್ಲೇ ಫೋಕಸ್ ಮಾಡೋ 55 ಎಂಎಂ ಲೆನ್ಸುಗಳು ಸೆಕೆಂಡ್ ಹ್ಯಾಂಡಿನಲ್ಲಿ ಈಗಲೂ ಸಿಗ್ತವೆ, ಹೊಸ ಮ್ಯಾಕ್ರೋ ಲೆನ್ಸಿಗಿಂತ ಬಹಳ ಕಡಿಮೆಗೆ.

ಈಗ ಲೆಕ್ಕ ಹಾಕೋಣ. ಅಂಗಡಿಯವರು 1:1 ಇಲ್ಲದಿದ್ದರೆ ಮ್ಯಾಕ್ರೋನೇ ಅಲ್ಲ ಅಂತಾರೆ. 1:1 ಅಂದರೆ ವಸ್ತು ಎಷ್ಟಿದೆಯೋ ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿ ಬೀಳೋದು. ಸಾಮಾನ್ಯ ಡಿಎಸ್‌ಎಲ್‌ಆರ್ ಸೆನ್ಸರ್ ಎತ್ತರ ಸುಮಾರು 15.6 ಮಿಲಿಮೀಟರ್. ಜನತಾ ವಾಚಿಗೆ ಸುತ್ತ ಚೂರು ಜಾಗ ಬಿಟ್ಟರೆ 40 ಮಿಲಿಮೀಟರ್. 15.6ನ್ನು 40ರಿಂದ ಭಾಗಿಸಿ: ಸುಮಾರು 0.4. ಇಡೀ ವಾಚಿಗೆ ಅರ್ಧ ಅಳತೆಯೂ ಬೇಡ! 24 ಮೆಗಾಪಿಕ್ಸೆಲ್ ಕ್ಯಾಮೆರಾ ಇದ್ದರೆ ಡಯಲ್ಲಿನ ಒಂದು ಮಿಲಿಮೀಟರ್ ಅಕ್ಷರಕ್ಕೆ ಸುಮಾರು 100 ಪಿಕ್ಸೆಲ್ ಸಿಗುತ್ತೆ. ಓದೋಕೆ ಧಾರಾಳ.

ಆ 0.4 ಪಡೆಯೋಕೆ ಇನ್ನೂ ಅಗ್ಗದ ದಾರಿ ಎಕ್ಸ್‌ಟೆನ್ಷನ್ ಟ್ಯೂಬು. ಅದರಲ್ಲಿ ಗಾಜಿಲ್ಲ, ಬರೀ ಟೊಳ್ಳು ಕೊಳವೆ. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಎಷ್ಟು ದೊಡ್ಡದಾಗುತ್ತೆ ಅಂತ ಗೊತ್ತಾಗುತ್ತೆ. 50 ಎಂಎಂ ಲೆನ್ಸಿಗೆ 20 ಎಂಎಂ ಟ್ಯೂಬು ಹಾಕಿದರೆ ಸರಿಯಾಗಿ 0.4. 36 ಎಂಎಂ ಹಾಕಿದರೆ 0.72, ಅಕ್ಷರಗಳಿಗೆ ಸಾಕು. ಕರೆಂಟ್ ಕಾಂಟ್ಯಾಕ್ಟ್ ಇಲ್ಲದ ಅಗ್ಗದ ಟ್ಯೂಬು ತಗೊಳ್ಳೋದಾದರೆ ಅಪರ್ಚರ್ ರಿಂಗ್ ಇರೋ ಹಳೇ ಲೆನ್ಸೇ ಇರಲಿ, ಇಲ್ಲದಿದ್ದರೆ ಅಪರ್ಚರ್ ನಿಮ್ಮ ಮಾತು ಕೇಳಲ್ಲ. ಲೆನ್ಸನ್ನೇ ತಿರುಗಿಸಿ ಹಾಕೋ ರಿವರ್ಸ್ ರಿಂಗು ಎಲ್ಲಕ್ಕಿಂತ ಅಗ್ಗ, ಆದರೆ ವಾಚಿಗೆ ತೀರಾ ಹತ್ತಿರ ಹೋಗಬೇಕಾಗುತ್ತೆ, ಬೆಳಕಿಗೆ ಲೆನ್ಸೇ ಅಡ್ಡ ನಿಲ್ಲುತ್ತೆ. ನಾನು ಟ್ಯೂಬಿನ ಪಕ್ಷ.

ಉಳಿಸಿದ ದುಡ್ಡು ಅಲುಗಾಡದ ಟ್ರೈಪಾಡಿಗೆ ಹಾಕಿ. ಎಫ್/8 ಇಲ್ಲಾ ಎಫ್/11, ಎರಡು ಸೆಕೆಂಡ್ ಟೈಮರ್. ವಾಚಿನ ಗಾಜಿನಲ್ಲಿ ನಿಮ್ಮ ಮುಖ ಕಾಣದ ಹಾಗೆ ಲೆನ್ಸಿನ ಸುತ್ತ ಕಪ್ಪು ರಟ್ಟು. ಎಲ್‌ಇಡಿ ಬಲ್ಬಿಗೂ ವಾಚಿಗೂ ಮಧ್ಯೆ ಟ್ರೇಸಿಂಗ್ ಪೇಪರ್. ಮುಗೀತು.

ಇಷ್ಟರಲ್ಲಿ ಏನು ಕಾಣುತ್ತೆ? ಮೊದಲು ಡಯಲ್ಲು. ಕಾರ್ಖಾನೆಯ ಅಚ್ಚಿನಲ್ಲಿ ಅಕ್ಷರದ ಅಂಚು ಚೂಪಾಗಿರುತ್ತೆ. ಮತ್ತೆ ಬಣ್ಣ ಬಳಿದು ಅಚ್ಚು ಹಾಕಿದ ಡಯಲ್ಲಿನಲ್ಲಿ ಮಸಿ ಹರಡಿ ಅಕ್ಷರ ಊದಿಕೊಂಡಿರುತ್ತೆ, ನಿಮಿಷದ ಗೆರೆಗಳು ಒಂದೇ ಅಂತರದಲ್ಲಿರಲ್ಲ. ನಮ್ಮೂರಿನ ಹಿರಿಯರೊಬ್ಬರಿಗೆ ಕೊಳ್ಳೋಕೆ ಬಂದವನೊಬ್ಬ 'ನಿಮ್ದು ಡಯಲ್ಲು ಬದ್ಲಾಗದೆ, ಇಷ್ಟಕ್ಕಿಂತ ಹೆಚ್ಚು ಬರಕಿಲ್ಲ' ಅಂದಿದ್ದ. ಫೋಟೋ ತೆಗೆದು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಅಂಚುಗಳು ಬ್ಲೇಡಿನ ಹಾಗಿದ್ದವು. ಒರಿಜಿನಲ್ ಡಯಲ್ಲು.

ಆಮೇಲೆ ಹಿಂದಿನ ಮುಚ್ಚಳ. ರಿಪೇರಿಯವರ ಕೈಲಿ ಅದನ್ನು ಬಿಚ್ಚಿಸಿ, ಒಳಮೈಗೆ ಒಂದೇ ಕಡೆಯಿಂದ, ನೆಲಕ್ಕೆ ಸಮನಾಗಿ ಬೆಳಕು ಬಿಡಿ. ಬರಿಗಣ್ಣಿಗೆ ಸವೆತದ ಹಾಗೆ ಕಾಣೋ ಗೀರುಗಳು ಅಂಕಿಗಳಾಗಿ ಎದ್ದು ಕಾಣ್ತವೆ. ಪ್ರತಿ ಸಲ ಆಯಿಲ್ ಸರ್ವೀಸ್ ಮಾಡಿದಾಗ ತಾರೀಕನ್ನೋ ತನ್ನ ಗುರುತನ್ನೋ ಸೂಜಿಯಲ್ಲಿ ಗೀಚೋದು ವಾಚ್ ರಿಪೇರಿಯವರ ಹಳೇ ಪದ್ಧತಿ. ಆ ಹಿರಿಯರ ವಾಚಿನಲ್ಲಿ ಅಂಥ ಐದು ಗುರುತಿದ್ದವು. ಅದರಲ್ಲೊಂದನ್ನು ನೋಡಿ ಅವರು 'ಆ ವರ್ಷ ಕಬ್ಬಿನ ದುಡ್ಡು ಬಂದಿತ್ತು, ಮಳವಳ್ಳಿಲಿ ಮಾಡಿಸ್ದೆ' ಅಂದರು. ಇದು ಯಾವ ಕಾರ್ಖಾನೆಯ ಕಡತದಲ್ಲೂ ಸಿಗಲ್ಲ. ಮುಚ್ಚಳ ಬದಲಾದ ದಿನ ಅದೂ ಹೋಯಿತು.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಟ್ರಂಕು ತೆಗೀರಿ. ಪ್ರತಿ ವಾಚಿಗೂ ಮೂರು ಫೋಟೋ: ಡಯಲ್ಲು, ಹಿಂಭಾಗ, ಮುಚ್ಚಳದ ಒಳಮೈ. ಪ್ರಿಂಟ್ ಹಾಕಿಸಿ, ಯಾರ ವಾಚು, ಯಾರು ಕೊಟ್ಟಿದ್ದು, ಯಾವ ವರ್ಷದ ಮದುವೆ ಅಂತ ಹಿಂದೆ ಬಾಲ್‌ಪೆನ್ನಿನಲ್ಲಿ ಬರೀರಿ. ಕೇಳಿದರೆ ಹೇಳೋರು ಇನ್ನೂ ಜಗಲಿ ಮೇಲೆ ಕೂತಿದಾರೆ.