ಪೆಟ್ಟಿಗೆ ನಮ್ಮದು, ಬೀಗ ಅವರದು

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಸೆಟ್ ಟಾಪ್ ಬಾಕ್ಸ್ ಒಂದು ಬಿದ್ದಿರಬಹುದು. ರಾಮನಗರದ ನಮ್ಮ ಮನೆಯಲ್ಲಿ ಅಂಥವು ಎರಡಿವೆ. ಎರಡೂ ಕೆಟ್ಟಿಲ್ಲ. ಹಲವು ವರ್ಷಗಳ ಹಿಂದೆ ಒಂದು ಕಂಪನಿಯ ಸೇವೆ ಬಿಟ್ಟು ಇನ್ನೊಂದಕ್ಕೆ ಹೋದಾಗ, ಹಳೆಯ ಪೆಟ್ಟಿಗೆಯನ್ನೇ ಉಳಿಸಿಕೊಳ್ಳಬಹುದೇ ಎಂದು ಕೇಳಿದೆ. ತಂತಿ ಎಳೆಯಲು ಬಂದಿದ್ದ ಹುಡುಗ ನಕ್ಕು, ‘ಆಗಲ್ಲ ಸಾರ್, ಇದು ಅವರದು’ ಎಂದ. ಹಣ ಕೊಟ್ಟವನು ನಾನು. ಚನ್ನಪಟ್ಟಣದ ಬೊಂಬೆ ಕೊಂಡವರು ಆಡಿಸಲು ಅಂಗಡಿಯವರ ಅಪ್ಪಣೆ ಕೇಳುವುದಿಲ್ಲವಲ್ಲ! ಇದು ಹೀಗೇಕೆ ಎಂಬುದಕ್ಕೆ ಸ್ವಲ್ಪ ಭೌತಶಾಸ್ತ್ರವೂ ಸ್ವಲ್ಪ ಇತಿಹಾಸವೂ ಬೇಕು.

ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಆಗಿನ ಪ್ರಸಾರಕ್ಕೆ ಬೀಗವಿರಲಿಲ್ಲ. ಯಾವ ಕಂಪನಿಯ ಟಿವಿಯಾದರೂ, ಯಾವ ಆಂಟೆನಾ ಆದರೂ ಸರಿ. ತೊಂದರೆ ಇದ್ದದ್ದು ನಿಸರ್ಗದಿಂದ. ಮೀಟರ್ ಅಳತೆಯ ತರಂಗದೂರವುಳ್ಳ ಆ ಅಲೆಗಳು ಬಹುಮಟ್ಟಿಗೆ ನೇರ ರೇಖೆಯಲ್ಲೇ ಚಲಿಸುತ್ತವೆ. ಮಾಗಡಿಯ ಬಳಿ 1226 ಮೀಟರ್ ಎತ್ತರದ ಸಾವನದುರ್ಗ, ರಾಮನಗರದ ಸುತ್ತ ಗ್ರಾನೈಟ್ ಬೆಟ್ಟಗಳು. ಬಂಡೆಯ ಮರೆಯ ಊರಿಗೆ ಅಲೆ ಸರಿಯಾಗಿ ತಲುಪದು. ಬಂಡೆಗೆ ಬಡಿದು ತಡವಾಗಿ ಬಂದ ಪ್ರತಿಫಲಿತ ಅಲೆ ಪರದೆಯ ಮೇಲೆ ಎರಡನೆಯ ‘ದೆವ್ವದ’ ಚಿತ್ರ ಮೂಡಿಸುವುದು. ಒಬ್ಬರು ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವುದು, ಒಳಗಿನವರು ‘ಬಂತು, ಬಂತು, ಹೋಯ್ತು!’ ಎಂದು ಕೂಗುವುದು ಅಂದಿನ ನಿತ್ಯದ ದೃಶ್ಯ.

1991ರಲ್ಲಿ ಸ್ಟಾರ್, 1992ರಲ್ಲಿ ಝೀ, 1994ರಲ್ಲಿ ಉದಯ ಟಿವಿ ಬಂದವು. ಊರಿಗೊಬ್ಬರು ದೊಡ್ಡ ತಟ್ಟೆ ನಿಲ್ಲಿಸಿ ಮನೆಮನೆಗೆ ಕೇಬಲ್ ಎಳೆದರು. ಜಗಳದ ಬೀಜ ಬಿದ್ದದ್ದು ಇಲ್ಲಿಯೇ. ಅನಲಾಗ್ ಕೇಬಲ್‌ನಲ್ಲಿ ಎಲ್ಲ ಚಾನೆಲ್‌ಗಳೂ ಎಲ್ಲ ಮನೆಗೂ ಹರಿಯುತ್ತವೆ. ಎಷ್ಟು ಮನೆಗಳಿವೆ ಎಂಬುದು ಕೇಬಲ್‌ನವರು ಹೇಳಿದಷ್ಟೇ. ಅದನ್ನು ಚಾನೆಲ್‌ನವರು ನಂಬುತ್ತಿರಲಿಲ್ಲ. ಲೆಕ್ಕ ಸಿಗಬೇಕಾದರೆ ಪ್ರತಿ ಮನೆಗೂ ಬೀಗ ಬೇಕು. 2002ರ ಕೇಬಲ್ ಕಾಯಿದೆ ತಿದ್ದುಪಡಿ ಇದಕ್ಕೆ ದಾರಿ ಮಾಡಿತು. 2003ರ ಸೆಪ್ಟೆಂಬರಿನಲ್ಲಿ ಚೆನ್ನೈಯಲ್ಲಿ ಮೊದಲು ಜಾರಿಗೆ ಬಂತು.

ಬೀಗದ ರಚನೆ ಸೊಗಸಾದದ್ದು. ಅಂಕೀಯ ಚಿತ್ರಸಂಕೇತವನ್ನು ಕಲಸಿ ಕಳುಹಿಸುತ್ತಾರೆ. ಅದನ್ನು ಬಿಡಿಸುವ ಸಂಖ್ಯೆ ಕೆಲವೇ ಸೆಕೆಂಡುಗಳಿಗೊಮ್ಮೆ ಬದಲಾಗುತ್ತದೆ. ಆ ಸಂಖ್ಯೆಯೂ ಗೂಢಲಿಪಿಯಲ್ಲೇ ಚಿತ್ರದ ಜೊತೆ ಬರುತ್ತದೆ; ಅದನ್ನು ಓದುವ ಹಕ್ಕು ನಿಮ್ಮ ಕಾರ್ಡಿಗೆ ಇದೆಯೇ ಎಂಬುದನ್ನು ಇನ್ನೊಂದು ಸಂದೇಶ ತಿಳಿಸುತ್ತದೆ. ನೀವು ಹಣ ಕಟ್ಟದಿದ್ದರೆ ಆ ಸಂದೇಶ ಬರುವುದಿಲ್ಲ, ಅಷ್ಟೇ. ಚಿತ್ರವನ್ನು ಕಲಸುವ ವಿಧಾನ ಸಾಮಾನ್ಯವಾದದ್ದೇ, ಆದರೆ ಹಕ್ಕು ಪರೀಕ್ಷಿಸುವ ಭಾಗ ಕಂಪನಿಯಿಂದ ಕಂಪನಿಗೆ ಬೇರೆ.

ನಮ್ಮ ಸರ್ಕಾರ ಇದನ್ನು ಮುಂಚೆಯೇ ಊಹಿಸಿತ್ತು ಎಂಬುದು ಹಲವರಿಗೆ ತಿಳಿಯದು. 2001ರ ಡಿಟಿಎಚ್ ಮಾರ್ಗಸೂಚಿಯಲ್ಲೇ, ಒಂದು ಕಂಪನಿಯ ಪೆಟ್ಟಿಗೆ ಇನ್ನೊಂದರ ಸೇವೆಗೂ ಒಗ್ಗಬೇಕು ಎಂಬ ಷರತ್ತಿತ್ತು. ಪೆಟ್ಟಿಗೆಯಲ್ಲಿ ಒಂದು ಸಾಮಾನ್ಯ ಖಾಂಚು. ಬೇಕಾದ ಕಂಪನಿಯ ಬೀಗದ ಘಟಕವನ್ನು ಅದರಲ್ಲಿ ತೂರಿಸಿದರಾಯಿತು. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಆ ಘಟಕ ಹೊಸ ಪೆಟ್ಟಿಗೆಗಿಂತ ಅಗ್ಗವೇನಲ್ಲ. ಮೇಲಾಗಿ 2003ರ ಡಿಷ್ ಟಿವಿ, 2006ರ ಟಾಟಾ ಸ್ಕೈ ಎಂಪೆಗ್-2 ವಿಧಾನದಲ್ಲಿ ಆರಂಭವಾದರೆ, 2007ರ ಸನ್ ಡೈರೆಕ್ಟ್ ಎಂಪೆಗ್-4 ಹಿಡಿಯಿತು. ಅದೇ ಗುಣಮಟ್ಟದ ಚಿತ್ರಕ್ಕೆ ಎಂಪೆಗ್-4ಕ್ಕೆ ಸುಮಾರು ಅರ್ಧದಷ್ಟು ಬಿಟ್‌ಗಳು ಸಾಕು. ಒಳ್ಳೆಯದೇ, ಆದರೆ ಹಳೆಯ ಪೆಟ್ಟಿಗೆಗೆ ಬೀಗ ತೆರೆದುಕೊಟ್ಟರೂ ಒಳಗಿನ ಭಾಷೆ ಅರ್ಥವಾಗದು. 2011ರ ಜನವರಿಯಿಂದ ನಂಬರು ಉಳಿಸಿಕೊಂಡೇ ಮೊಬೈಲ್ ಕಂಪನಿ ಬದಲಿಸುವ ಹಕ್ಕು ದೇಶಕ್ಕೆಲ್ಲ ಸಿಕ್ಕಿತು. ಟಿವಿ ಪೆಟ್ಟಿಗೆಗೆ ಸಿಗಲಿಲ್ಲ. ಟ್ರಾಯ್ 2020ರ ಏಪ್ರಿಲ್‌ನಲ್ಲಿ ಮತ್ತೆ ಅದನ್ನೇ ಶಿಫಾರಸು ಮಾಡಬೇಕಾಯಿತು. ಬೀಗ ಇರುವುದು ತಪ್ಪಲ್ಲ, ಅದನ್ನು ಪೆಟ್ಟಿಗೆಗೆ ಬೆಸೆದದ್ದು ತಪ್ಪು ಎಂಬುದು ನನ್ನ ಅಭಿಪ್ರಾಯ.

ಕೇಬಲ್‌ನ ಅಂಕೀಕರಣ ಹಂತಹಂತವಾಗಿ ಬಂತು. ಬೆಂಗಳೂರು, ಮೈಸೂರುಗಳು ಎರಡನೆಯ ಹಂತದಲ್ಲಿ, 2013ರ ಮಾರ್ಚ್ ಗಡುವಿನೊಳಗೆ. ಇವೆರಡರ ನಡುವಿನ ಹೆದ್ದಾರಿಯ ರಾಮನಗರ, ಚನ್ನಪಟ್ಟಣ ಹಾಗೂ ಬದಿಯ ಕನಕಪುರ, ಮಾಗಡಿ ಪಟ್ಟಣಗಳಿಗೆ ಮೂರನೆಯ ಹಂತ, 2015ರ ಡಿಸೆಂಬರ್ ಗಡುವು. ಅವುಗಳ ಸುತ್ತಲ ಹಳ್ಳಿಗಳಿಗೆ 2017ರ ಮಾರ್ಚ್. ಹೀಗೆ ಬೀಗ ಎಲ್ಲ ಮನೆಗೂ ತಲುಪಿತು.

ಬೀಗದ ಕೈ ಯಾರಲ್ಲಿದೆ ಎಂಬುದು 2023ರ ಫೆಬ್ರುವರಿಯಲ್ಲಿ ಸ್ಪಷ್ಟವಾಯಿತು. ಹೊಸ ದರದ ಒಪ್ಪಂದಕ್ಕೆ ಸಹಿ ಹಾಕದ ಕೇಬಲ್ ಜಾಲಗಳಿಗೆ ಡಿಸ್ನಿ ಸ್ಟಾರ್, ಝೀ, ಸೋನಿ ಸಂಸ್ಥೆಗಳು ಚಾನೆಲ್ ಕಡಿದವು. ಸುಮಾರು 4.5 ಕೋಟಿ ಮನೆಗಳಿಗೆ ತೊಂದರೆಯಾಯಿತು ಎಂದು ಕೇಬಲ್ ಒಕ್ಕೂಟ ಹೇಳಿತು. ಕೆಲವು ದಿನಗಳಲ್ಲಿ ರಾಜಿಯಾಯಿತು. ಆ ದಿನಗಳಲ್ಲಿ ಹಣ ಕಟ್ಟಿದ್ದವರ ಪೆಟ್ಟಿಗೆಯೂ ಸರಿಯಿತ್ತು, ತಂತಿಯೂ ಸರಿಯಿತ್ತು, ಧಾರಾವಾಹಿ ಮಾತ್ರ ಇರಲಿಲ್ಲ. ಅಂತರಜಾಲದ ಟಿವಿಯೂ ಇದಕ್ಕೆ ಹೊರತಲ್ಲ. ಅಮೆಜಾನ್ ತನ್ನ ಅಂಗಡಿಯಲ್ಲಿ 2015ರಿಂದ ಗೂಗಲ್‌ನ ಕ್ರೋಮ್‌ಕಾಸ್ಟ್ ಮಾರುವುದನ್ನು ನಿಲ್ಲಿಸಿತು. 2018ರ ಆರಂಭದಲ್ಲಿ ಅಮೆಜಾನ್‌ನ ಫೈರ್ ಟಿವಿಯಿಂದ ಗೂಗಲ್ ತನ್ನ ಯೂಟ್ಯೂಬನ್ನು ಹಿಂತೆಗೆಯಿತು. ಅದು ಮರಳಿದ್ದು 2019ರ ಜುಲೈನಲ್ಲಿ.

ಅಟ್ಟದ ಪೆಟ್ಟಿಗೆಗಳಿಂದ ನಮಗೇನೂ ಗಿಟ್ಟದು. ಆದರೆ ಮಾಳಿಗೆಯ ತಟ್ಟೆಗೆ ಬೀಗವಿಲ್ಲ. ರಾಮನಗರದಿಂದ 83 ಡಿಗ್ರಿ ಪೂರ್ವ ರೇಖಾಂಶದ ಉಪಗ್ರಹವನ್ನು ನೋಡಲು ತಟ್ಟೆಯ ದೃಷ್ಟಿ ದಿಗಂತದಿಂದ ಸುಮಾರು 74 ಡಿಗ್ರಿ ಮೇಲಿರಬೇಕು. ಆದ್ದರಿಂದಲೇ ಡಿಟಿಎಚ್‌ಗೆ ನಮ್ಮ ಬೆಟ್ಟಗಳು ಅಡ್ಡಿಯಾಗಲಿಲ್ಲ. ದೂರದರ್ಶನದ ಫ್ರೀ ಡಿಷ್ 93.5 ಡಿಗ್ರಿಯಲ್ಲಿದೆ, ಅದಕ್ಕೆ ಮಾಸಿಕ ಶುಲ್ಕವಿಲ್ಲ. ತಟ್ಟೆಯ ಮುಖವನ್ನು ಪೂರ್ವಕ್ಕೆ ಸುಮಾರು 28 ಡಿಗ್ರಿ ಹೊರಳಿಸಿ, 66 ಡಿಗ್ರಿಗೆ ಬಗ್ಗಿಸಿ, ಒಂದು ಸಾಧಾರಣ ಪೆಟ್ಟಿಗೆ ಜೋಡಿಸಿದರೆ ಸಾಕು. ಈ ಕೋನಗಳನ್ನು ಪಡೆಯಲು ಭೂಮಿಯ ತ್ರಿಜ್ಯ 6,378 ಕಿ.ಮೀ., ಭೂಸ್ಥಿರ ಕಕ್ಷೆಯ ಎತ್ತರ 35,786 ಕಿ.ಮೀ., ರಾಮನಗರದ ಅಕ್ಷಾಂಶ 12.7, ರೇಖಾಂಶ 77.3 ಡಿಗ್ರಿ ಎಂದು ಹಿಡಿದು ನಿಮ್ಮ ತರಗತಿಯಲ್ಲಿ ಲೆಕ್ಕ ಮಾಡಿಸಿ. ನನ್ನ ವಿದ್ಯಾರ್ಥಿಗಳು ಮೊದಲು ಲೆಕ್ಕ ಮಾಡಿ, ಆಮೇಲೆ ಮಾಳಿಗೆ ಹತ್ತಿದರು. ಮೂರನೆಯ ಪ್ರಯತ್ನಕ್ಕೆ ಚಿತ್ರ ಬಂತು, ‘ಬಂತು, ಬಂತು!’ ಎಂಬ ಕೂಗೂ ಕೇಳಿಸಿತು.