ವೇಲೆ ಮತ್ತು ವೇಳೆ: ಕಡಲನ್ನು ಬಿಟ್ಟುಬಂದ ಒಂದು ಶಬ್ದ

ಸಮುದ್ರದ ನೀರು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುವ ವ್ಯಾಪಾರಕ್ಕೆ ಇಂದಿನ ಕನ್ನಡದಲ್ಲಿ ಉಬ್ಬರವಿಳಿತವೆಂಬ ಹೆಸರು ರೂಢವಾಗಿದೆ. ಕರಾವಳಿಯಲ್ಲಿ ಭರತ, ಇಳಿತ ಎಂದೂ ಹೇಳುವುದುಂಟು. ಸಂಸ್ಕೃತದಲ್ಲಿ ಇದೇ ವ್ಯಾಪಾರಕ್ಕೆ ವೇಲಾ ಎಂಬ ಶಬ್ದವಿದ್ದಿತು. ಆ ಶಬ್ದವು ಕನ್ನಡಕ್ಕೆ ಬಾರದೆ ಉಳಿದುದಲ್ಲ. ಅದು ಬಂದಿದೆ, ಪ್ರತಿದಿನವೂ ಪ್ರತಿಯೊಬ್ಬರ ಬಾಯಲ್ಲಿಯೂ ಇದೆ. ಆದರೆ ಊಟದ ವೇಳೆಯಾಯಿತೆಂದಾಗಲಿ, ವೇಳೆ ಮೀರಿತೆಂದಾಗಲಿ ನುಡಿಯುವಾಗ ಕಡಲಿನ ನೆನಪು ಯಾರಿಗೂ ಆಗುವುದಿಲ್ಲ. ಕನ್ನಡಿಗರು ಒಳನಾಡಿನವರು, ಅವರ ಭಾಷೆಗೆ ಕಡಲಿನ ಬಳಕೆ ಸಾಲದು ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ವೇಳೆಯೆಂಬ ಶಬ್ದವು ಕಡಲನ್ನು ಮರೆತುದನ್ನು ಆ ಮಾತಿಗೆ ಸಾಕ್ಷಿಯಾಗಿ ನಿಲ್ಲಿಸುವುದು ಸುಲಭ. ಶಬ್ದದ ಚರಿತ್ರೆಯನ್ನು ಸ್ವಲ್ಪ ಎಚ್ಚರದಿಂದ ನೋಡಿದಲ್ಲಿ ಆ ಸಾಕ್ಷ್ಯವು ನಿಲ್ಲುವುದಿಲ್ಲವೆಂದು ನಮಗೆ ತೋರುತ್ತದೆ. ಅದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಸಂಸ್ಕೃತದ ವಿಚಾರ. ಅಮರಕೋಶದ ನಾನಾರ್ಥವರ್ಗದಲ್ಲಿ ವೇಲಾಶಬ್ದಕ್ಕೆ ಮೂರು ಅರ್ಥಗಳು ಉಕ್ತವಾಗಿವೆ: ಸಮುದ್ರದ ನೀರಿನಲ್ಲಿ ಉಂಟಾಗುವ ವಿಕಾರ, ಕಾಲ, ಮರ್ಯಾದೆ. ಇಲ್ಲಿ ಮರ್ಯಾದೆಯೆಂದರೆ ಎಲ್ಲೆ. ಕೋಶಕಾರನು ಸಮುದ್ರದ ಅರ್ಥವನ್ನು ಮೊದಲಿಟ್ಟಿರುವುದರಿಂದ ಅದೇ ಮೂಲಾರ್ಥವೆಂದು ಭಾವಿಸಲಾಗದು. ಪದ್ಯದಲ್ಲಿ ಪದಗಳು ನಿಲ್ಲುವ ಕ್ರಮವನ್ನು ಛಂದಸ್ಸು ನಿರ್ಣಯಿಸುತ್ತದೆಯೇ ಹೊರತು ಚರಿತ್ರೆಯಲ್ಲ. ವೈಯಾಕರಣರಲ್ಲಿಯೂ ಈ ವಿಷಯದಲ್ಲಿ ಇಬ್ಬಗೆ ಕಂಡುಬರುತ್ತದೆ. ಧಾತುಪಾಠದಲ್ಲಿ ಚಲನಾರ್ಥಕವಾದ ವೇಲ್ ಧಾತು ಒಂದು, ಕಾಲವನ್ನು ತಿಳಿಸುವುದೆಂಬ ಅರ್ಥದ ವೇಲ್ ಧಾತು ಇನ್ನೊಂದು. ಅಲುಗುವ ನೀರಿನಿಂದ ಶಬ್ದವು ಹುಟ್ಟಿತೋ ಎಣಿಸುವ ಹೊತ್ತಿನಿಂದ ಹುಟ್ಟಿತೋ ಎಂಬ ಸಂದೇಹ ಅವರಿಗೂ ಇದ್ದಿರಬೇಕು. ಬಳಕೆಯನ್ನು ನೋಡಿದರೆ, ಶತಪಥಬ್ರಾಹ್ಮಣದಂತಹ ಪ್ರಾಚೀನ ಗ್ರಂಥದಲ್ಲಿ ಈ ಶಬ್ದವು ಎಲ್ಲೆಯೆಂಬ ಅರ್ಥದಲ್ಲಿ ಬಂದಿದೆ. ಆದುದರಿಂದ ಎಲ್ಲೆಯೇ ಮೊದಲು; ನೆಲಕ್ಕೂ ನೀರಿಗೂ ನಡುವಣ ಎಲ್ಲೆ ತೀರವಾಯಿತು, ಕಾಲದ ಎಲ್ಲೆ ಹೊತ್ತಾಯಿತು, ತೀರದ ಗೆರೆಯನ್ನು ದಿನವೂ ಹಿಂದಕ್ಕೂ ಮುಂದಕ್ಕೂ ಸರಿಸುವ ನೀರಿನ ಏರಿಳಿತಕ್ಕೆ ಅದೇ ಹೆಸರು ಆಮೇಲೆ ಅಂಟಿಕೊಂಡಿತು ಎಂದು ನಾವು ಭಾವಿಸುತ್ತೇವೆ.

ಕವಿಗಳಿಗೆ ಪ್ರಿಯವಾದುದು ತೀರವೆಂಬ ಅರ್ಥ. ರಘುವಂಶದ ಮೊದಲನೆಯ ಸರ್ಗದಲ್ಲಿ ಕಾಳಿದಾಸನು ದಿಲೀಪನ ಭೂಮಿಯನ್ನು ಒಂದೇ ಪಟ್ಟಣವಾಗಿ ಚಿತ್ರಿಸಿ, ವೇಲೆಯನ್ನು ಅದರ ಕೋಟೆಯಾಗಿಯೂ ಸಮುದ್ರವನ್ನು ಕಂದಕವಾಗಿಯೂ ಮಾಡಿದ್ದಾನೆ. ಪುರಾಣಗಳಲ್ಲಿ ವೇಲೆಯು ಮೇರುವಿನ ಮಗಳು, ಸಮುದ್ರನ ಹೆಂಡತಿ. ಸಮುದ್ರವು ವೇಲೆಯನ್ನು ಮೀರದೆಂಬುದು ಕಾವ್ಯಗಳಲ್ಲಿ ಸತ್ಪುರುಷರ ನಡತೆಗೆ ಸವೆದುಹೋದ ಉಪಮಾನವಾಗಿದೆ.

ಏರಿಳಿತವನ್ನು ಅಳೆದು ಹೇಳಿದವರೂ ಇದ್ದರು. ವಿಷ್ಣುಪುರಾಣದ ಎರಡನೆಯ ಅಂಶದಲ್ಲಿ, ಚಂದ್ರನ ವೃದ್ಧಿಕ್ಷಯಗಳಿಗನುಗುಣವಾಗಿ ಸಮುದ್ರದ ನೀರು 510 ಅಂಗುಲಗಳಷ್ಟು ಏರಿ ಇಳಿಯುವುದೆಂದು ಹೇಳಿದೆ. ಪಾತ್ರೆಯ ನೀರು ಕಾದಾಗ ಉಬ್ಬುವಂತೆ ಇದೂ ಉಬ್ಬುವುದೇ ಹೊರತು ನೀರಿನ ಮೊತ್ತವು ಹೆಚ್ಚುವುದಿಲ್ಲವೆಂಬ ವಿವರಣೆಯೂ ಅಲ್ಲಿದೆ. ಅಂಗುಲವನ್ನು ಮುಕ್ಕಾಲು ಇಂಚೆಂದು ಹಿಡಿದರೆ ಇದು ಸುಮಾರು 32 ಅಡಿಯಾಗುತ್ತದೆ. ನಮ್ಮ ಮಂಗಳೂರು ಕಾರವಾರಗಳಲ್ಲಿ ಏರಿಳಿತವು ಸಾಮಾನ್ಯವಾಗಿ ಎರಡು ಮೀಟರಿನ ಒಳಗೇ ಇರುವುದರಿಂದ ಪುರಾಣದ ಸಂಖ್ಯೆಯನ್ನು ಉತ್ಪ್ರೇಕ್ಷೆಯೆಂದು ತಳ್ಳಿಹಾಕುವ ಮನಸ್ಸಾಗಬಹುದು. ಆದರೆ ಗುಜರಾತಿನ ಖಂಭಾತ ಕೊಲ್ಲಿಯಲ್ಲಿ ನೀರು ಇಂದಿಗೂ ಹತ್ತು ಮೀಟರಿನ ಆಸುಪಾಸು ಏರುತ್ತದೆ. ಪುರಾಣಕಾರನ ಅಂಕಿಗೆ ಆ ಕೊಲ್ಲಿಯೇ ಆಧಾರವೆಂದು ಸಾಧಿಸಲು ನಮಗೆ ಸಾಧ್ಯವಿಲ್ಲ. ಇಂತಹ ಏರಿಳಿತ ಭಾರತದಲ್ಲಿ ಕಾಣದ್ದೇನೂ ಅಲ್ಲವೆಂಬಷ್ಟನ್ನು ಮಾತ್ರ ಹೇಳಬಹುದು.

ಈ ಕೊಲ್ಲಿಯ ಕಡೆಗೆ ಓದುಗರ ಗಮನವನ್ನು ಸೆಳೆಯಲು ಬೇರೊಂದು ಕಾರಣವೂ ಇದೆ. ಕ್ರಿ. ಶ. ಒಂದನೆಯ ಶತಮಾನದ ಗ್ರೀಕ್ ನಾವಿಕನೊಬ್ಬನು ಬರೆದ ಎರಿತ್ರಿಯನ್ ಸಮುದ್ರದ ಪೆರಿಪ್ಲಸ್ ಎಂಬ ಗ್ರಂಥದಲ್ಲಿ ಭರುಕಚ್ಛದ, ಎಂದರೆ ಇಂದಿನ ಭರೂಚಿನ, ನದೀಮುಖದ ವರ್ಣನೆ ಬರುತ್ತದೆ. ನೀರು ಇಳಿದಾಗ ಹಡಗುಗಳು ನೆಲಕ್ಕೆ ತಾಗಿ ನಿಲ್ಲುವುದು, ಏರುವಾಗ ದೂರದಿಂದಲೇ ಸೇನೆಯ ಕೋಲಾಹಲದಂತಹ ಸದ್ದು ಕೇಳುವುದು, ಅನುಭವವಿಲ್ಲದವರ ಹಡಗುಗಳು ಮಗುಚಿಹೋಗುವುದು, ಈ ಅಪಾಯವನ್ನು ತಪ್ಪಿಸಲು ಅರಸನ ಸೇವೆಯಲ್ಲಿದ್ದ ಅಲ್ಲಿಯ ಬೆಸ್ತರು ದೋಣಿಗಳಲ್ಲಿ ಎದುರುಬಂದು ಹಡಗುಗಳನ್ನು ಒಳಗೆ ಎಳೆದೊಯ್ಯುವುದು ಇವೆಲ್ಲವನ್ನೂ ಆತನು ಬರೆದಿದ್ದಾನೆ. ಮೆಡಿಟರೇನಿಯನ್ ಸಮುದ್ರದಲ್ಲಿ ಏರಿಳಿತ ಅತ್ಯಲ್ಪವಾದುದರಿಂದ ಗ್ರೀಕರಿಗೆ ಇದು ಹೊಸದು. ಕ್ರಿ. ಪೂ. 325ರಲ್ಲಿ ಸಿಂಧೂಮುಖದಲ್ಲಿ ಅಲೆಕ್ಸಾಂಡರನ ನೌಕೆಗಳು ಒಮ್ಮೆಲೇ ಕೆಸರಿನ ಮೇಲೆ ಕುಳಿತಾಗ ಅವನ ಜನ ದಿಗ್ಭ್ರಾಂತರಾದುದನ್ನು ಏರಿಯನ್ ಹೇಳಿದ್ದಾನೆ. ಗುಜರಾತಿನ ತೀರದಲ್ಲಿ ಬಂದರಿಗೆ ಹೊಗುವುದೆಂದರೆ ವೇಲೆಯನ್ನು ಕಾಯುವುದೆಂದೇ ಅರ್ಥ. ಆ ಭಾಗದ ಮಧ್ಯಯುಗದ ಸಂಸ್ಕೃತ ಲೇಖಗಳಲ್ಲಿ ಬಂದರಿಗೆ ವೇಲಾಕೂಲವೆಂಬ ಹೆಸರೇ ಸಂದಿದೆ. ಹೊರ್ಮುಜಿನ ಹಡಗಿನ ಒಡೆಯನೊಬ್ಬನು ಸೋಮನಾಥದಲ್ಲಿ ಕಟ್ಟಿಸಿದ ಮಸೀದಿಗೆ ಸಂಬಂಧಿಸಿದ 1264ರ ವೇರಾವಳ ಶಾಸನದಲ್ಲಿ ಅವನ ಊರನ್ನೂ ವೇಲಾಕೂಲವೆಂದೇ ಕರೆದಿದೆ. ವೇರಾವಳವೆಂಬ ಹೆಸರು ಕೂಡ ಇದೇ ಶಬ್ದದಿಂದ ಬಂದುದೆಂದು ವಿದ್ವಾಂಸರು ಹೇಳುತ್ತಾರೆ.

ಕಾಲವಾಚಕವೂ ಕಡಲ ಏರಿಳಿತದ ಹೆಸರೂ ಒಂದೇ ಆಗಿರುವುದು ಸಂಸ್ಕೃತಕ್ಕೆ ಮಾತ್ರ ವಿಶಿಷ್ಟವಾದುದಲ್ಲ. ಇಂಗ್ಲಿಷಿನ ಟೈಡ್ ಶಬ್ದವು ಮೊದಲು ಕಾಲವನ್ನೇ ಹೇಳುತ್ತಿತ್ತು. ಜರ್ಮನ್ ಭಾಷೆಯ ತ್ಸೈಟ್ ಅದರ ಸಹೋದರ, ಇಂದಿಗೂ ಅದರ ಅರ್ಥ ಕಾಲವೇ. ಹಳೆಯ ಇಂಗ್ಲಿಷಿನಲ್ಲಿ ನೀರಿನ ಏರಿಕೆಗೂ ಇಳಿತಕ್ಕೂ ಫ್ಲಡ್, ಎಬ್ ಎಂಬ ಶಬ್ದಗಳ ಪೂರ್ವರೂಪಗಳಿದ್ದುವು. ಟೈಡ್ ಶಬ್ದಕ್ಕೆ ಕಡಲಿನ ಅರ್ಥ ಬಂದುದು ಹದಿನಾಲ್ಕನೆಯ ಶತಮಾನದ ಸುಮಾರಿಗೆ, ಪ್ರಾಯಶಃ ಉತ್ತರ ಜರ್ಮನಿಯ ನಾವಿಕರ ನುಡಿಯ ಪ್ರಭಾವದಿಂದ. ಕಾಲವೂ ಟೈಡೂ ಯಾರಿಗೂ ಕಾಯವೆಂಬ ಆ ಭಾಷೆಯ ಗಾದೆಯಲ್ಲಿ ಎರಡನೆಯ ಶಬ್ದವನ್ನು ಸಮುದ್ರವೆಂದು ಅರ್ಥಮಾಡಿ ನಮ್ಮ ಪಾಠಪುಸ್ತಕಗಳಲ್ಲಿ ಅನುವಾದಿಸುವುದುಂಟು; ಮೂಲದಲ್ಲಿ ಅದು ಜೋಡುನುಡಿ, ಕಾಲ ಸಮಯ ಎಂದಂತೆ. ಚೀನೀ ಬರಹದಲ್ಲಿ ಬೆಳಗಿನ ಏರಿಕೆಗೂ ಸಂಜೆಯ ಏರಿಕೆಗೂ ಬೇರೆಬೇರೆ ಅಕ್ಷರಗಳಿದ್ದು, ಒಂದರಲ್ಲಿ ಬೆಳಗೆಂಬ ಚಿಹ್ನೆಯೂ ಇನ್ನೊಂದರಲ್ಲಿ ಸಂಜೆಯೆಂಬ ಚಿಹ್ನೆಯೂ ನೀರಿನ ಚಿಹ್ನೆಯೊಡನೆ ಕೂಡಿಕೊಂಡಿವೆ.

ಇನ್ನು ಕನ್ನಡಕ್ಕೆ ಬರೋಣ. ಸಂಸ್ಕೃತದ ಲಕಾರವು ಕನ್ನಡದಲ್ಲಿ ಳಕಾರವಾಗುವುದನ್ನು ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕ್ಷಳವೆಂದು ಹೆಸರಿಸಿ ಬೇರೆಯಾಗಿ ವಿಚಾರಿಸಿದ್ದಾನೆ. ವೇಲೆಯು ವೇಳೆಯಾದುದು ಈ ದಾರಿಯಿಂದ. ಮರಾಠಿಯ ವೇಳ ಶಬ್ದದಲ್ಲಿಯೂ ಇದೇ ಮಾರ್ಪಾಡನ್ನು ಕಾಣಬಹುದು. ನಮಗೆ ಮುಖ್ಯವಾದುದು ಧ್ವನಿಯ ಜೊತೆಗೆ ಅರ್ಥವೂ ಇಬ್ಭಾಗವಾದ ಬಗೆ. ತಮಿಳಿನಲ್ಲಿ ಲಕಾರವುಳ್ಳ ವೇಲೈ ಎಂದರೆ ಕಡಲು, ಕಡಲ ಕರೆ. ಳಕಾರವುಳ್ಳ ವೇಳೈ ಎಂದರೆ ಹೊತ್ತು. ಮಲಯಾಳದಲ್ಲಿ ಹೊತ್ತಿಗೆ ವೇಳ, ಕಡಲಿನ ಏರಿಕೆಗೆ ವೇಲಿಯೇಟ್ಟ, ಇಳಿತಕ್ಕೆ ವೇಲಿಯಿರಕ್ಕ. ಈ ವೇಲಿಯು ಬೇಲಿಯೆಂಬ ದ್ರಾವಿಡ ಶಬ್ದವಲ್ಲ, ವೇಲೆಯ ರೂಪಾಂತರವೆಂದೇ ನಾವು ತಿಳಿಯುತ್ತೇವೆ. ಆದರೂ ನೀರು ಬೇಲಿಯನ್ನು ಹತ್ತಿತೆಂಬ ಭಾವನೆ ಆಡುವವರ ಮನಸ್ಸಿನಲ್ಲಿ ಸುಳಿದಿದ್ದರೆ ಆಶ್ಚರ್ಯವಿಲ್ಲ. ಕನ್ನಡದಲ್ಲಿಯೂ ಇದೇ ವಿಭಾಗ ನಡೆದಿದೆ. ಲಕಾರದ ವೇಲೆ ಕಾವ್ಯದಲ್ಲಿ ತೀರವಾಗಿ ನಿಂತಿತು, ಳಕಾರದ ವೇಳೆ ಜನರ ಬಾಯಿಗೆ ಹೊತ್ತಾಗಿ ಇಳಿಯಿತು. ಕಾವ್ಯದ ವೇಲೆ ಆಡುಮಾತಿಗೆ ಬರಲಿಲ್ಲವೆಂಬುದೊಂದೇ ವ್ಯತ್ಯಾಸ.

ಎಲ್ಲೆಯೆಂಬ ಮೂಲಾರ್ಥವಾದರೋ ಕನ್ನಡದಲ್ಲಿ ಬೇರೆ ಕಡೆಯಿಂದ ಪ್ರಾಣವನ್ನು ಪಡೆಯಿತು. ನಮ್ಮ ಶಾಸನಗಳಲ್ಲಿ ಜೋಳವಾಳಿ, ವೇಳೆವಾಳಿ ಎಂಬ ಎರಡು ವೀರಧರ್ಮಗಳು ಬರುತ್ತವೆ. 1966ರಲ್ಲಿ ಪ್ರಕಟವಾದ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನವೆಂಬ ಗ್ರಂಥದಲ್ಲಿ ಎಂ. ಚಿದಾನಂದಮೂರ್ತಿಯವರು ಇಂತಹ ಧರ್ಮಗಳ ವಿಸ್ತಾರವಾದ ವಿವೇಚನೆಯನ್ನು ಮಾಡಿದ್ದಾರೆ. ಜೋಳವಾಳಿಯೆಂದರೆ ಉಂಡ ಅನ್ನದ ಋಣಕ್ಕಾಗಿ ಕಾದಿ ಮಡಿಯುವುದು. ವೇಳೆವಾಳಿಯೆಂದರೆ ಒಡೆಯನಿಗೆ ಸಾವು ಬಂದ ಹೊತ್ತಿಗೆ ತಾನೂ ಸಾಯುವೆನೆಂದು ಮೊದಲೇ ಪ್ರತಿಜ್ಞೆ ಮಾಡಿ ಹಾಗೆಯೇ ಸಾಯುವುದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವೊಂದು ಎರಡನೆಯ ವೀರಬಲ್ಲಾಳನ ದಂಡನಾಯಕನಾದ ಕುವರ ಲಕ್ಷ್ಮನ ಸ್ಮಾರಕ. ಆತನು, ಆತನ ಹೆಂಡತಿ ಸುಗ್ಗಲದೇವಿ, ಪರಿವಾರದ ವೀರರು ಅರಸನೊಡನೆ ಪ್ರಾಣವನ್ನು ನೀಗಿದ ವಿಷಯವು ಅಲ್ಲಿ ಉಕ್ತವಾಗಿದೆ. ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುವ ವೀರರನ್ನು ಆ ಕಂಬದ ಮೇಲೆ ಇಂದಿಗೂ ಕಾಣಬಹುದು. ಚೋಳರ ಸೈನ್ಯದಲ್ಲಿ ವೇಳೈಕ್ಕಾರರೆಂಬ ಪಡೆಗಳಿದ್ದುವು. ಸಿಂಹಳದ ಪೊಳೊನ್ನರುವದಲ್ಲಿ ಬುದ್ಧನ ದಂತಮಂದಿರವನ್ನು ಕಾಯುವೆವೆಂದು ಅವರು ಬರೆಯಿಸಿದ ಹನ್ನೆರಡನೆಯ ಶತಮಾನದ ತಮಿಳು ಶಾಸನವು ಪ್ರಸಿದ್ಧವಾದುದು.

ಇಲ್ಲಿಯ ವೇಳೆಗೆ ಹೊತ್ತೆಂದು ಮಾತ್ರ ಅರ್ಥ ಹೇಳಿ ಮುಗಿಸುವುದು ವಾಡಿಕೆ. ಅಷ್ಟರಿಂದ ನಮಗೆ ತೃಪ್ತಿಯಿಲ್ಲ. ಸಾಯುವ ಹೊತ್ತನ್ನು ಒಡೆಯನ ಬಾಳಿಗೆ ಕಟ್ಟಿಹಾಕಿದವನು ತನಗೊಂದು ಎಲ್ಲೆಯನ್ನು ಹಾಕಿಕೊಂಡವನು, ಅದನ್ನು ಮೀರಲಾರದವನು. ಸಮುದ್ರವು ವೇಲೆಯನ್ನು ಮೀರದೆಂದು ಕವಿಗಳು ಹೇಳಿದುದಕ್ಕೂ ಈ ಪ್ರತಿಜ್ಞೆಗೂ ನಡುವೆ ಇರುವುದು ಒಂದೇ ಅರ್ಥ. ಕಡಲಿಲ್ಲದ ಹೊಯ್ಸಳ ನಾಡಿನಲ್ಲಿ ಆ ಅರ್ಥವು ಮನುಷ್ಯರ ಮೇಲೆ ಬಂದು ನಿಂತಿತು. ಇದು ನಮ್ಮ ಊಹೆ, ಶಾಸನದ ನೇರವಾದ ಮಾತಲ್ಲ; ಓದುಗರು ಹಾಗೆಯೇ ಗ್ರಹಿಸಬೇಕು.

ಹಾಗಾದರೆ ಏರಿಳಿತದ ಅರ್ಥವನ್ನು ಮಾತ್ರ ಕನ್ನಡವು ಏಕೆ ಬಿಟ್ಟಿತು? ಕವಿರಾಜಮಾರ್ಗವು ಕನ್ನಡನಾಡಿನ ಎಲ್ಲೆಯನ್ನು ಕಾವೇರಿ ಗೋದಾವರಿಗಳಿಂದ ಗುರುತಿಸಿತೇ ಹೊರತು ಕಡಲಿನಿಂದಲ್ಲ. ಮಾನ್ಯಖೇಟ, ಕಲ್ಯಾಣ, ದ್ವಾರಸಮುದ್ರ, ವಿಜಯನಗರ ಎಲ್ಲವೂ ಒಳನಾಡಿನ ರಾಜಧಾನಿಗಳು. ಒಳನಾಡಿನ ವಾದಕ್ಕೆ ಇದಿಷ್ಟೂ ಅನುಕೂಲವಾಗಿದೆ. ಆದರೆ 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಪಶ್ಚಿಮಸಮುದ್ರದ ಪುರಿಯನ್ನು ಇಮ್ಮಡಿ ಪುಲಕೇಶಿ ನೂರಾರು ಹಡಗುಗಳಿಂದ ಮುತ್ತಿದುದನ್ನೂ, ರೇವತೀದ್ವೀಪವನ್ನು ಮುತ್ತಿದ ಮಂಗಲೇಶನ ಸೈನ್ಯವು ಕಡಲ ನೀರಿನಲ್ಲಿ ಪ್ರತಿಬಿಂಬಿಸಿ ವರುಣನ ಸೇನೆಯಂತೆ ಕಂಡುದನ್ನೂ ವರ್ಣಿಸಿದ್ದಾನೆ. ಬಾರಕೂರು, ಬಸರೂರು, ಭಟ್ಕಳ, ಹೊನ್ನಾವರಗಳ ವ್ಯಾಪಾರವನ್ನು ನೆನೆದರೆ ಕಡಲನ್ನರಿಯದ ನಾಡೆಂಬ ಮಾತು ಹಾಸ್ಯಾಸ್ಪದವಾಗುತ್ತದೆ. ನಮ್ಮ ಬಂದರುಗಳಲ್ಲಿ ಹೆಚ್ಚಿನವು ಹೊಳೆಯ ಅಳಿವೆಗಳಲ್ಲಿವೆ. ಅಳಿವೆಯ ಬಾಯಲ್ಲಿ ಮರಳದಿಬ್ಬವಿದ್ದು, ನೀರು ಏರದೆ ದೋಣಿ ಒಳಗೆ ಬಾರದು. ಎರಡು ಮೀಟರಿನ ಒಳಗಣ ಏರಿಕೆಯೇ ಅಲ್ಲಿ ಸಾಕು, ಆದರೆ ಅದು ಬೇಕೇ ಬೇಕು.

ಕನ್ನಡವು ಬಿಟ್ಟುದು ಅಗತ್ಯವಿಲ್ಲದ್ದನ್ನು. ಉಬ್ಬು ಎಂಬ ಧಾತು ದೇಶ್ಯ; ತೆಲುಗಿನಲ್ಲಿಯೂ ಅದೇ ರೂಪದಲ್ಲಿದೆ. ಇಳಿ ಎಂಬುದೂ ದೇಶ್ಯ. ಕಣ್ಣಿಗೆ ಕಾಣುವ ಎರಡು ಕ್ರಿಯೆಗಳಿಗೆ ಎರಡು ಹೆಸರುಗಳು ಕೈಯಲ್ಲಿರುವಾಗ, ಎರಡನ್ನೂ ಒಂದರಲ್ಲಿ ಅಡಗಿಸುವ ವೇಲೆಯಿಂದ ಬೆಸ್ತನಿಗೆ ಪ್ರಯೋಜನವಿಲ್ಲ. ಅವನು ತಿಳಿಯಬೇಕಾದುದು ನೀರು ಈಗ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು. ನೆರೆಯ ಭಾಷೆಗಳೂ ಹೀಗೆಯೇ ಜೋಡಿಗಳನ್ನು ಕಟ್ಟಿಕೊಂಡಿವೆ: ಮರಾಠಿಯಲ್ಲಿ ಭರತಿ ಓಹೋಟಿ, ಕೊಂಕಣಿಯಲ್ಲಿ ಭರತಿ ಸುಕತಿ, ತೆಲುಗಿನಲ್ಲಿ ಆಟು ಪೋಟು. ನಮ್ಮ ಕರಾವಳಿಯ ಭರತವೂ ಭರತಿಯ ಬಂಧುವೇ ಇರಬೇಕು. ಮಲಯಾಳದವರು ಕೂಡ ವೇಲಿಯೊಂದರಿಂದಲೇ ತೃಪ್ತರಾಗದೆ ಏಟ್ಟ, ಇರಕ್ಕಗಳನ್ನು ಸೇರಿಸಬೇಕಾಯಿತೆಂಬುದು ಗಮನಾರ್ಹ.

ಹೊತ್ತನ್ನೂ ಕಡಲನ್ನೂ ಒಟ್ಟಿಗೆ ಎಣಿಸುವ ಬಾಳು ಉತ್ತರ ಕನ್ನಡದ ಅಘನಾಶಿನಿಯ ಗಜನಿಗದ್ದೆಗಳಲ್ಲಿದೆ. ಉಪ್ಪುನೀರನ್ನು ತಾಳುವ ಕಗ್ಗವೆಂಬ ಬತ್ತ ಅಲ್ಲಿಯ ಬೆಳೆ. ಕಟ್ಟೆಯ ಬಾಗಿಲ ಹಲಗೆಯನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂಬುದನ್ನು ನಿರ್ಣಯಿಸುವುದು ಗಡಿಯಾರವಲ್ಲ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುವ ಉಬ್ಬರ.

ಕೊನೆಯದಾಗಿ ಬೇಲೂರಿನ ವಿಷಯ. ಆ ಊರನ್ನು ಸಂಸ್ಕೃತದಲ್ಲಿ ವೇಲಾಪುರವೆಂದು ಕರೆದಿರುವುದನ್ನು ನೋಡಿ, ಮಲೆನಾಡಿನ ಸೆರಗಿನಲ್ಲಿ ಕಡಲ ತೀರದ ಹೆಸರೇಕೆಂದು ಕೇಳಿದವರಿದ್ದಾರೆ. ಪಂಡಿತರು ದೇಶ್ಯನಾಮವನ್ನು ಸಂಸ್ಕೃತಕ್ಕೆ ತಿರುಗಿಸುವಾಗ ಧ್ವನಿಸಾಮ್ಯಕ್ಕಿಂತ ಹೆಚ್ಚಿನದನ್ನು ನೋಡುತ್ತಿರಲಿಲ್ಲ. ಅದನ್ನು ನಮ್ಮ ಶಬ್ದದ ಚರಿತ್ರೆಗೆ ಸೇರಿಸಿಕೊಳ್ಳಬೇಕಾಗಿಲ್ಲ. ಸೇರಿಸಿಕೊಳ್ಳಬೇಕಾದುದು ಬಂದರಿನ ಕಚೇರಿಗಳ ಒಂದು ಕಾಗದವನ್ನು. ಭಾರತೀಯ ಸರ್ವೇಕ್ಷಣ ಇಲಾಖೆಯು ವರ್ಷವರ್ಷವೂ ಪ್ರಕಟಿಸುವ, ಯಾವ ಬಂದರಿನಲ್ಲಿ ನೀರು ಎಷ್ಟು ಗಂಟೆಗೆ ಎಷ್ಟು ಏರುವುದೆಂದು ಮೊದಲೇ ಗುಣಿಸಿಟ್ಟ ಕೋಷ್ಟಕವದು. ಅದನ್ನು ಕನ್ನಡದಲ್ಲಿ ಹೇಳಬೇಕಾದರೆ ಉಬ್ಬರವಿಳಿತದ ವೇಳಾಪಟ್ಟಿಯೆನ್ನದೆ ಬೇರೆ ದಾರಿಯಿಲ್ಲ.