ಮಿಂಚುಹುಳು ಮಿನುಗುವುದೇಕೆ?

ಮುಂಗಾರಿಗೆ ಮುಂಚಿನ ಒಂದೆರಡು ಮಳೆ ಬಿದ್ದು ನೆಲ ತಣಿದರೆ ಸಾಕು, ಮೇ-ಜೂನ್ ರಾತ್ರಿಗಳಲ್ಲಿ ಮಲೆನಾಡಿನ ತೋಟ, ಹಳ್ಳದಂಚು, ಕಾಡಿನ ಸೆರಗೆಲ್ಲ ಮಿಂಚುಹುಳುಗಳಿಂದ ತುಂಬಿಹೋಗುತ್ತದೆ. ಇವು ಜೀರುಂಡೆಗಳ ಬಳಗದ ಲಾಂಪಿರಿಡೇ ಕುಟುಂಬಕ್ಕೆ ಸೇರಿದ ಕೀಟಗಳು. ಜಗತ್ತಿನಲ್ಲಿ ಇವುಗಳ 2,000ಕ್ಕೂ ಹೆಚ್ಚು ಪ್ರಭೇದಗಳಿವೆ. ಪ್ರೌಢಾವಸ್ಥೆಯಲ್ಲಿ ಎಲ್ಲವೂ ಮಿನುಗುವುದಿಲ್ಲ. ಹಗಲಲ್ಲಿ ಓಡಾಡುವ ಕೆಲವು ಪ್ರಭೇದಗಳು ವಾಸನೆಯಿಂದಲೇ ಜೋಡಿಯನ್ನು ಪತ್ತೆಹಚ್ಚುತ್ತವೆ.

ಬಿಸಿಯಿಲ್ಲದ ಬೆಳಕು

ಹುಳು ಅಂಗೈ ಮೇಲೆ ಬಂದು ಕೂತಾಗ ಹೊಟ್ಟೆಯ ಅಡಿಭಾಗವನ್ನು ಗಮನಿಸಿ. ತುದಿಯಲ್ಲಿ ಕೆನೆಬಣ್ಣದ ಪಟ್ಟಿ ಇರುತ್ತದೆ. ನಮ್ಮಲ್ಲಿ ಹಾರುತ್ತ ಮಿನುಗುವ ಹಲವು ಪ್ರಭೇದಗಳಲ್ಲಿ ಗಂಡಿಗೆ ಇಂಥ ಎರಡು ಪಟ್ಟಿ, ಹೆಣ್ಣಿಗೆ ಒಂದೇ. ಬೆಳಕು ಹುಟ್ಟುವುದು ಅಲ್ಲೇ. ಆ ಜಾಗದ ಜೀವಕೋಶಗಳಲ್ಲಿ ಲೂಸಿಫೆರಿನ್ ಎಂಬ ರಾಸಾಯನಿಕವಿದೆ. ಲೂಸಿಫೆರೇಸ್ ಎಂಬ ಕಿಣ್ವದ ನೆರವಿನಿಂದ ಅದು ಆಮ್ಲಜನಕದೊಡನೆ ಸೇರುತ್ತದೆ. ಅದಕ್ಕೆ ಬೇಕಾದ ಶಕ್ತಿ ಒದಗಿಸುವುದು ಎಲ್ಲ ಜೀವಿಗಳಲ್ಲೂ ಇರುವ ಎಟಿಪಿ. ಈ ಕ್ರಿಯೆಯಲ್ಲಿ ಹೊಮ್ಮುವ ಶಕ್ತಿ ಹಳದಿ-ಹಸಿರು ಬೆಳಕಾಗಿ ಹೊರಬರುತ್ತದೆ. ಮುಟ್ಟಿದರೆ ಬಿಸಿ ತಾಗುವುದಿಲ್ಲ.

ಎಟಿಪಿ ಇಲ್ಲದೆ ಈ ಬೆಳಕಿಲ್ಲ ಎಂದು 1947ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ವಿಜ್ಞಾನಿ ವಿಲಿಯಂ ಮೆಕೆಲ್ರಾಯ್. ಆಹಾರದಲ್ಲಿ ಸೂಕ್ಷ್ಮಜೀವಿಗಳಿವೆಯೇ ಎಂದು ಪರೀಕ್ಷಿಸಲು ಇಂದಿಗೂ ಬಳಸುವ ಒಂದು ವಿಧಾನ ಇದೇ ತತ್ವದ ಮೇಲೆ ನಿಂತಿದೆ: ಜೀವಿ ಇದ್ದಲ್ಲಿ ಎಟಿಪಿ ಇರುತ್ತದೆ, ಎಟಿಪಿ ಇದ್ದರೆ ಲೂಸಿಫೆರೇಸ್ ಬೆಳಗುತ್ತದೆ.

ಹೊತ್ತಿ ಆರುವ ಬಗೆ

ನನ್ನ ಮಟ್ಟಿಗೆ ಬೆಳಕಿಗಿಂತ ದೊಡ್ಡ ಅಚ್ಚರಿ ಅದರ ಹತೋಟಿ. ಕೀಟಗಳಿಗೆ ಶ್ವಾಸಕೋಶವಿಲ್ಲ; ನವುರಾದ ಕೊಳವೆಗಳ ಮೂಲಕ ಗಾಳಿ ನೇರ ಅಂಗಾಂಶಗಳಿಗೆ ಹೋಗುತ್ತದೆ. ಹಾಗೆ ಬಂದ ಆಮ್ಲಜನಕವನ್ನು ಜೀವಕೋಶದ ಅಂಚಿನಲ್ಲೇ ಇರುವ, ಶಕ್ತಿ ತಯಾರಿಸುವ ಘಟಕಗಳಾದ ಮೈಟೊಕಾಂಡ್ರಿಯಗಳು ಬಳಸಿಬಿಡುತ್ತವೆ, ಒಳಗಿನ ಲೂಸಿಫೆರಿನ್‌ಗೆ ಉಳಿಯುವುದಿಲ್ಲ. ನರದ ಸಂದೇಶ ಬಂದೊಡನೆ ನೈಟ್ರಿಕ್ ಆಕ್ಸೈಡ್ ಉಂಟಾಗಿ ಮೈಟೊಕಾಂಡ್ರಿಯಗಳನ್ನು ಕ್ಷಣಕಾಲ ತಡೆಯುತ್ತದೆ; ಆಮ್ಲಜನಕ ಒಳನುಗ್ಗುತ್ತದೆ, ದೀಪ ಹೊತ್ತುತ್ತದೆ. 2001ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಮುಂದಿಟ್ಟ ವಿವರಣೆ ಇದು.

ಯಾರಿಗೆ ಈ ಸಂಕೇತ?

ಮೊದಲನೆಯದಾಗಿ ಜೋಡಿಗೆ. ಗಂಡು ಹಾರುತ್ತ ತನ್ನ ಪ್ರಭೇದದ ಲಯದಲ್ಲಿ ಮಿನುಗುತ್ತದೆ. ಹಲವು ಪ್ರಭೇದಗಳಲ್ಲಿ ಹುಲ್ಲಿನ ಮೇಲೆ ಕೂತ ಹೆಣ್ಣು ನಿಗದಿತ ಅಂತರ ಬಿಟ್ಟು ಉತ್ತರಿಸುತ್ತದೆ. ಲಯ ತಪ್ಪಿದರೆ ಸಂಬಂಧ ಕೂಡುವುದಿಲ್ಲ. ಅಮೆರಿಕದ ಫೊಟೂರಿಸ್ ಹೆಣ್ಣುಗಳು ಈ ಗುಟ್ಟನ್ನು ಕದ್ದಿವೆ. ಬೇರೆ ಪ್ರಭೇದದ ಹೆಣ್ಣಿನಂತೆ ಉತ್ತರಿಸಿ, ನಂಬಿ ಬಂದ ಗಂಡನ್ನು ತಿಂದುಹಾಕುತ್ತವೆ. ಹೊಟ್ಟೆಯೂ ತುಂಬುತ್ತದೆ, ಆ ಗಂಡಿನ ಮೈಯಲ್ಲಿದ್ದ ವಿಷವೂ ದಕ್ಕಿ ಜೇಡಗಳಿಂದ ರಕ್ಷಣೆ ಸಿಗುತ್ತದೆ.

ಮರಿಹುಳುಗಳೂ ಬೆಳಗುತ್ತವೆ. ಅವುಗಳಿಗೆ ಜೋಡಿಯ ಹಂಗಿಲ್ಲ. ಅದು 'ನಾನು ಕಹಿ, ತಿನ್ನಬೇಡ' ಎಂದು ಬೇಟೆಗಾರರಿಗೆ ಕೊಡುವ ಎಚ್ಚರಿಕೆ.

ಕತ್ತಲೆಯ ಅಗತ್ಯ

ನಾವು ನೋಡುವ ಹಾರಾಟ ಕೆಲವೇ ವಾರಗಳದ್ದು. ಆಯುಷ್ಯದ ಬಹುಪಾಲು ಮರಿಹುಳುವಾಗಿ ತೇವದ ಮಣ್ಣು, ತರಗೆಲೆಗಳ ನಡುವೆ ಬಸವನಹುಳು, ಸಿಂಬಳದ ಹುಳುಗಳನ್ನು ತಿನ್ನುತ್ತ ಕಳೆಯುತ್ತದೆ. ತರಗೆಲೆ ಗುಡಿಸಿ ಸುಟ್ಟರೆ, ಕೀಟನಾಶಕ ಹೊಡೆದರೆ ಮುಂದಿನ ವರ್ಷದ ಪೀಳಿಗೆ ಅಲ್ಲೇ ಮುಗಿಯುತ್ತದೆ. ಉಳಿದವಕ್ಕೆ ನಮ್ಮ ಎಲ್‌ಇಡಿ ದೀಪಗಳ ಕಾಟ: ಪ್ರಖರ ಬೆಳಕಿನಲ್ಲಿ ಗಂಡಿನ ಮಿನುಗು ಹೆಣ್ಣಿಗೆ ಕಾಣುವುದೇ ಇಲ್ಲ.

ಹೋಂಸ್ಟೇ ನಡೆಸುವವರು, ತೋಟದ ಮನೆಯವರು ಮೇ-ಜೂನ್ ತಿಂಗಳಲ್ಲಿ ಕತ್ತಲಾದ ಮೇಲೆ ಅಂಗಳದ ದೀಪಗಳನ್ನು ಆರಿಸಿಡಿ. ನೋಡಲು ಹೋದವರು ಟಾರ್ಚ್ ಹೊತ್ತಿಸಬೇಡಿ, ಹುಳುಗಳನ್ನು ಬಾಟಲಿಗೆ ತುಂಬಬೇಡಿ.